ಬಾಯಲ್ಲಿರುವ ಕಥೆ ನೋಟ್‌ಬುಕ್ಕಿಗೆ ಇಳಿಯಬೇಕಾದರೆ

ಲೆಕ್ಕದಲ್ಲಿ ಮುಂದು, ಓದುವುದರಲ್ಲಿ ಮುಂದು, ಕೇಳಿದ್ದಕ್ಕೆ ಥಟ್ಟನೆ ಉತ್ತರ. ‘ಸ್ವಂತವಾಗಿ ಒಂದು ಕಥೆ ಬರೆ’ ಎಂದರೆ ಮಾತ್ರ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಎರಡರಿಂದ ನಾಲ್ಕನೇ ತರಗತಿಯವರೆಗಿನ ಚುರುಕು ಮಕ್ಕಳಲ್ಲಿ ಇದು ಅಪರೂಪವಲ್ಲ. ‘ಕಲ್ಪನೆ ಕಮ್ಮಿ’, ‘ಉದಾಸೀನ’ ಎಂದು ಹೇಳಿಬಿಡುವುದು ಸುಲಭ. ಹೆಚ್ಚಿನ ಸಲ ಎರಡೂ ನಿಜವಲ್ಲ.

ಕಥೆ ಬರೆಯಲು ಕೂತ ಮಗು ಏಕಕಾಲಕ್ಕೆ ನಾಲ್ಕು ಕೆಲಸ ಮಾಡುತ್ತಿರುತ್ತದೆ. ಹೇಳುವುದಕ್ಕೆ ಏನಾದರೂ ಹುಡುಕಬೇಕು, ಅದನ್ನು ವಾಕ್ಯ ಮಾಡಬೇಕು, ಗುಣಿತ–ಒತ್ತಕ್ಷರ ನೆನಪಿಸಿಕೊಳ್ಳಬೇಕು, ಕೈಯಿಂದ ಬರೆಯಬೇಕು. ‘ಇದ್ದಕ್ಕಿದ್ದಂತೆ’ ಎಂಬ ಪದದಲ್ಲಿ ಒತ್ತು ಎಲ್ಲೆಲ್ಲಿ ಎಂದು ಯೋಚಿಸುವಷ್ಟರಲ್ಲಿ ಮುಂದಿನ ವಾಕ್ಯ ತಲೆಯಿಂದ ಜಾರಿರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಐದನೆಯದೊಂದು ಉಂಟು: ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಬ್ಯಾರಿಯೋ ಹವ್ಯಕ ಕನ್ನಡವೋ ಆಡಿ, ಬರೆಯುವಾಗ ಪುಸ್ತಕದ ಕನ್ನಡಕ್ಕೆ ಬರಬೇಕು. ಓದು ಚೆನ್ನಾಗಿದ್ದಷ್ಟೂ ಕಷ್ಟ ಹೆಚ್ಚು. ಒಳ್ಳೆಯ ಕಥೆ ಹೇಗಿರುತ್ತದೆಂದು ಆ ಮಗುವಿಗೆ ಗೊತ್ತು; ತಾನು ಬರೆದ ಮೊದಲ ಸಾಲು ಹಾಗಿಲ್ಲವೆಂದೂ ಗೊತ್ತು. ಅಳಿಸುತ್ತದೆ, ಮತ್ತೆ ಬರೆಯುತ್ತದೆ, ಮತ್ತೆ ಅಳಿಸುತ್ತದೆ. ಇದಕ್ಕೆ ದಾರಿ, ಈ ಕೆಲಸಗಳನ್ನು ಬಿಡಿಸಿ ಒಂದೊಂದಾಗಿ ಮಾಡಿಸುವುದು.

ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಶಾಲೆ ಇಲ್ಲದ ದಿನ, ಹೊಟ್ಟೆ ತುಂಬಿರುವಾಗ, ನಾಲ್ಕು ಸಣ್ಣ ಕೆಲಸ ಕೊಡಿ. ಒಂದು, ನಿನ್ನೆ ನಡೆದದ್ದೇನಾದರೂ ಬಾಯಲ್ಲಿ ಹೇಳಲಿ; ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎರಡು, ಪಾಠಪುಸ್ತಕದ ಮೂರು ಸಾಲು ನೋಡಿ ಬರೆಯಲಿ. ಮೂರು, ಬೇರೆ ಮೂರು ಸಾಲು ನೀವು ಹೇಳಿ, ಉಕ್ತಲೇಖನ ಬರೆಯಲಿ. ನಾಲ್ಕು, ಬಾಯಲ್ಲಿ ಹೇಳಿದ್ದರಿಂದಲೇ ಮೂರು ಸಾಲು ತಾನಾಗಿ ಬರೆಯಲಿ. ಕಾಗದದ ಮೇಲೆ ತಾರೀಕು ಹಾಕಿ ತೆಗೆದಿಡಿ.

ನೋಡಿ ಬರೆಯುವುದೇ ನಿಧಾನ, ಕೈ ನೋವು ಎನ್ನುತ್ತದೆ ಎಂದಾದರೆ ತೊಡಕು ಕೈಯದು. ನೋಡಿ ಬರೆದದ್ದು ಸರಿ, ಉಕ್ತಲೇಖನ ತಪ್ಪು ಎಂದಾದರೆ ಅಕ್ಷರದ್ದು. ಅವೆರಡೂ ಸರಿಯಿದ್ದು ಸ್ವಂತದ್ದು ಮಾತ್ರ ಬರುವುದಿಲ್ಲವಾದರೆ, ವಿಷಯ ಹುಡುಕುವುದರದ್ದು ಇಲ್ಲವೇ ತಪ್ಪಾದೀತೆಂಬ ಹೆದರಿಕೆಯದು. ಬಾಯಲ್ಲೂ ಎರಡು ಮಾತಿಗೇ ನಿಲ್ಲುತ್ತದೆಯೇ? ಹಾಗಾದರೆ ಮನೆಭಾಷೆಯಲ್ಲಿ ಹೇಳಿಸಿ ನೋಡಿ. ಆಗ ಸರಾಗವಾಗಿ ಬಂದರೆ ಕೊರತೆ ಕಥೆಯದ್ದಲ್ಲ, ಕನ್ನಡದ ಮಾತಿನದ್ದು.

ಬಾಯಿ ಮೊದಲು, ಕೈ ಆಮೇಲೆ

ಈ ನೆಲದಲ್ಲಿ ಇದು ಹೊಸ ಮಾತಲ್ಲ. ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಆಡುವ ಮಾತು ಮೊದಲೇ ಬರೆದಿಟ್ಟದ್ದಲ್ಲ. ಪಾತ್ರದ ಒಳಹೊಕ್ಕು, ಎದುರಿನವರ ಮಾತಿಗೆ ಉತ್ತರವಾಗಿ ಅದು ಅಲ್ಲೇ ಹುಟ್ಟುತ್ತದೆ. ಮಗುವಿನೊಡನೆ ಹಾಗೆಯೇ ಕೂತುಕೊಳ್ಳಿ. ನೀವು ಅಂಗಡಿಯವರು, ಮಗು ಕೊಡೆ ಕಳೆದುಕೊಂಡ ಹುಡುಗ. ಐದು ನಿಮಿಷ ಮಾತಾಡಿ. ‘ಹೇಳು’ ಎಂದಾಗ ಬಾರದ ಮಾತು ಎದುರುತ್ತರವಾಗಿ ಬರುತ್ತದೆ.

ಆಮೇಲೆ ಮಗು ಹೇಳಿದ್ದನ್ನು ನೀವು ಬರೆಯಿರಿ, ಅದರ ಮಾತಿನಲ್ಲೇ. ‘ಹೋದ, ಹೋದ, ಮತ್ತೂ ಹೋದ’ ಎಂದರೆ ಹಾಗೆಯೇ ಬರೆಯಿರಿ, ತಿದ್ದಬೇಡಿ. ಓದಿ ಹೇಳಿ. ಕೊನೆಯ ಎರಡು ಸಾಲು ಮಾತ್ರ ಮಗು ಬರೆಯಲಿ. ವಾರ ಕಳೆದಂತೆ ಮಗುವಿನ ಪಾಲು ನಾಲ್ಕು ಸಾಲಾಗಲಿ, ಆಮೇಲೆ ಅರ್ಧ ಪುಟ. ಕೇರಳದ ಒಂದನೇ ತರಗತಿಯ ಸಂಯುಕ್ತ ಡೈರಿಯ ಕ್ರಮವೂ ಹೀಗೆಯೇ: ಮಗು ಪೆನ್ಸಿಲಿನಲ್ಲಿ ಬರೆಯುತ್ತದೆ, ಬಾರದ ಅಕ್ಷರವನ್ನು ಮನೆಯವರು ಪೆನ್ನಿನಲ್ಲಿ ತುಂಬುತ್ತಾರೆ. ಒಂದನೇ ತರಗತಿ ಮುಗಿಯಿತೆಂದು ಈ ಕ್ರಮವನ್ನು ಬಿಡಬೇಕಾಗಿಲ್ಲ. ಮೂರನೇ ತರಗತಿಯ ಮಗುವಿಗೂ ಇದು ಒದಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಬರೆದುಕೊಳ್ಳುವವರು ಕಥೆಯನ್ನೇ ಕೈಗೆ ತೆಗೆದುಕೊಳ್ಳುವುದು. ‘ಹೀಗೆ ಬರೆದರೆ ಇನ್ನೂ ಚಂದ’ ಎಂದು ಒಂದು ಸಲ ಹೇಳಿದರೆ ಸಾಕು, ಮುಂದಿನ ಸಲ ಮಗು ನಿಮ್ಮ ಮುಖ ನೋಡಿಕೊಂಡು ಕಥೆ ಹೇಳುತ್ತದೆ. ಸ್ಪರ್ಧೆಗೆ ದೊಡ್ಡವರು ಬರೆದು ಬಾಯಿಪಾಠ ಮಾಡಿಸುವುದಂತೂ ಬೇಡವೇ ಬೇಡ. ತನ್ನದು ಸಾಲದು ಎಂಬುದನ್ನು ಮಗು ಅದರಿಂದ ಗಟ್ಟಿಯಾಗಿ ಕಲಿಯುತ್ತದೆ.

ವಿಷಯ ಸಣ್ಣದಾಗಲಿ

‘ಮಳೆಗಾಲ’ ಎಂದರೆ ಮಗು ‘ಮಳೆಗಾಲದಲ್ಲಿ ಮಳೆ ಬರುತ್ತದೆ. ರೈತರಿಗೆ ಸಂತೋಷವಾಗುತ್ತದೆ’ ಎಂದು ಬರೆದು ನಿಲ್ಲಿಸುತ್ತದೆ. ಅಷ್ಟು ದೊಡ್ಡ ವಿಷಯದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ‘ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು, ಮಳೆ ಬಂತು’ ಎನ್ನಿ. ಮೊದಲು ಯಾರು ನೋಡಿದ್ದು? ಏನೆಂದು ಕೂಗಿದರು? ಟಾರ್ಪಾಲು ಎಲ್ಲಿತ್ತು? ಎಷ್ಟು ಒದ್ದೆಯಾಯಿತು? ಯಾರಿಗೆ ಬೈಗುಳ ಸಿಕ್ಕಿತು? ಒಂದು ಪ್ರಶ್ನೆಗೆ ಒಂದೇ ಸಾಲು. ಐದು ಸಾಲಾದಾಗ ಕಥೆ ಆಗಲೇ ಇರುತ್ತದೆ.

ವಿಷಯಜ್ಞಾನ ಇಷ್ಟಪಡುವ ಮಕ್ಕಳಿಗೆ ‘ಏನಾದರೂ ಕಲ್ಪಿಸು’ ಎಂಬ ಮಾತೇ ಇಷ್ಟವಾಗುವುದಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯಿಂದ ಹೊರಡಿ, ಒಂದನ್ನು ಮಾತ್ರ ಬದಲಿಸಿ. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬರುವುದನ್ನು ಇಲ್ಲಿನ ಎಷ್ಟೋ ಮಕ್ಕಳು ನೋಡಿದ್ದಾರೆ. ಒಂದು ಬೆಳಿಗ್ಗೆ ಆ ನೀರು ಬಿಸಿಯಾಗಿ ಬಂದರೆ? ಮೊದಲು ಗೊತ್ತಾಗುವುದು ಯಾರಿಗೆ? ಕಾರಣ ನೋಡಲು ಒಳಗೆ ಯಾರು ಹೋಗುತ್ತಾರೆ? ಲೆಕ್ಕ ಬಿಡಿಸುವ ತಲೆಗೆ ಇಂಥದ್ದು ಹಿಡಿಸುತ್ತದೆ. ಎರಡು ಮೂರು ಸಂಗತಿ ಒಟ್ಟಿಗೆ ಬದಲಿಸಬೇಡಿ. ಆಗ ಏನು ಬೇಕಾದರೂ ಆಗಬಹುದು ಎಂದಾಗಿ ಮಗು ಮತ್ತೆ ಕೈಕಟ್ಟಿ ಕೂರುತ್ತದೆ.

ನಾಲ್ಕು ಮನೆ

ಎ4 ಕಾಗದವನ್ನು ಎರಡು ಸಲ ಮಡಿಸಿ ಬಿಡಿಸಿದರೆ ನಾಲ್ಕು ಮನೆ. ಮೊದಲನೆಯದರಲ್ಲಿ ಯಾರು ಮತ್ತು ಎಲ್ಲಿ, ಎರಡನೆಯದರಲ್ಲಿ ಅವರಿಗೆ ಏನು ಬೇಕು, ಮೂರನೆಯದರಲ್ಲಿ ಏನು ಅಡ್ಡ ಬಂತು, ನಾಲ್ಕನೆಯದರಲ್ಲಿ ಕೊನೆಗೆ ಏನಾಯಿತು. ಮೂರನೇ ಮನೆಯಿಂದ ಶುರುಮಾಡಿ. ಅಡ್ಡ ಬಂದದ್ದು ಏನೆಂದು ಗೊತ್ತಾದರೆ ಉಳಿದ ಮೂರು ಅದರ ಹಿಂದೆಯೇ ಬರುತ್ತವೆ. ಪ್ರತಿ ಮನೆಗೆ ಒಂದು ಗೀಚು ಚಿತ್ರ, ಒಂದು ನಿಮಿಷ, ಚಿತ್ರ ಚಂದವಾಗಬೇಕೆಂದಿಲ್ಲ. ಆಮೇಲೆ ಪ್ರತಿ ಚಿತ್ರದ ಕೆಳಗೆ ಒಂದೋ ಎರಡೋ ವಾಕ್ಯ. ಒಟ್ಟು ಹದಿನೈದು ನಿಮಿಷ, ವಾರಕ್ಕೆ ಮೂರು ದಿನ ಸಾಕು. ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಮುಂದುವರಿಸಿ.

ಬರೆಯುವಾಗ ರಬ್ಬರ್ ಮೇಜಿನ ಮೇಲೆ ಇರಬಾರದು. ತಪ್ಪಾದದ್ದಕ್ಕೆ ಒಂದು ಗೆರೆ ಎಳೆದು ಮುಂದೆ ಹೋಗಲಿ. ಸಂಶಯದ ಪದಕ್ಕೆ ತಾನೇ ಸುತ್ತು ಹಾಕಲಿ. ತಿದ್ದಲು ಜಾಗ ಇರುವಂತೆ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಲಿ. ಸಂಭಾಷಣೆ ಮನೆಭಾಷೆಯಲ್ಲೇ ಇರಲಿ: ಅಜ್ಜಿ ತುಳುವಿನಲ್ಲಿ ‘ಬರ್ಸ ಬರ್ಪುಂಡು’ (ಮಳೆ ಬರುತ್ತದೆ) ಎಂದು ಕೂಗಿದ್ದರೆ ಕನ್ನಡ ಅಕ್ಷರದಲ್ಲಿ ಅದನ್ನೇ ಬರೆಯಬಹುದು, ಸುತ್ತಲಿನ ಕಥೆ ಕನ್ನಡದಲ್ಲಿ ನಡೆಯಲಿ.

ತಿದ್ದುವುದು ಮರುದಿನ

ಅದೇ ದಿನ ತಿದ್ದಿದರೆ ಮಗುವಿಗೆ ನೆನಪುಳಿಯುವುದು ಕೆಂಪು ಗೆರೆ ಮಾತ್ರ. ಮೊದಲ ದಿನ ಓದುಗರಾಗಿ ಮಾತಾಡಿ. ‘ಚೆನ್ನಾಗಿದೆ’ ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಟಾರ್ಪಾಲಿನಲ್ಲಿ ತೂತಿತ್ತು ಎಂದೆಯಲ್ಲ, ಅದು ಕಣ್ಣಿಗೆ ಕಟ್ಟಿತು. ಆಗ ಅಜ್ಜ ಏನು ಮಾಡಿದರು?’ ಎಂದು ಕೇಳಿದರೆ ಇನ್ನೂ ಎರಡು ಸಾಲು ಹುಟ್ಟುತ್ತವೆ. ಮರುದಿನ ಒಂದೇ ಬಗೆಯ ತಪ್ಪು ಹಿಡಿಯಿರಿ. ಈ ವಾರ ಒತ್ತಕ್ಷರ, ಮುಂದಿನ ವಾರ ಲ–ಳ, ಆಮೇಲೆ ಮಹಾಪ್ರಾಣ. ಮಗು ತಾನೇ ಸುತ್ತು ಹಾಕಿದ ಪದಗಳಿಂದ ಶುರುಮಾಡಿ.

ಇಷ್ಟಾದರೂ ಆಗದಿದ್ದರೆ

ಎರಡು ಮೂರು ತಿಂಗಳು ಹೀಗೆ ನಡೆಸಿದ ಮೇಲೂ ಅಕ್ಷರ ಗೆರೆಯ ಮೇಲೆ ನಿಲ್ಲದಿದ್ದರೆ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆದರೆ, ಬಾಯಲ್ಲಿ ಸರಾಗವಾಗಿ ಹೇಳಿದ್ದರಲ್ಲಿ ಕಾಲುಭಾಗವೂ ಕಾಗದಕ್ಕೆ ಬಾರದಿದ್ದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬಳಿಕ ಕ್ಲಾಸ್ ಟೀಚರ ಮೂಲಕ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಸ್ಪೆಷಲ್ ಎಜುಕೇಟರ್ ಅವರನ್ನು ಕಾಣಿ. ಬುದ್ಧಿ ಚುರುಕಾಗಿರುವ ಮಗುವಿಗೂ ಬರವಣಿಗೆಯ ಕಲಿಕಾ ತೊಂದರೆ ಇರಬಹುದು. ಅಂಕ ಚೆನ್ನಾಗಿ ಬರುವುದರಿಂದ ಅದು ಯಾರ ಕಣ್ಣಿಗೂ ಬೀಳದೆ ವರ್ಷಗಳು ಕಳೆಯುವುದುಂಟು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಸಹಾಯ ಕೇಳಲು ಸಂಕೋಚ ಬೇಡ. ಹೋಗುವಾಗ ಮಗುವಿನ ಧ್ವನಿಯ ರೆಕಾರ್ಡ್, ತಾರೀಕು ಹಾಕಿಟ್ಟ ಹಾಳೆಗಳು, ತಿದ್ದದೆ ಬಿಟ್ಟ ಎರಡು ಕಥೆ ಕೊಂಡುಹೋಗಿ. ಮಗು ಹೇಳಬಲ್ಲದ್ದಕ್ಕೂ ಬರೆದದ್ದಕ್ಕೂ ಇರುವ ಅಂತರ ಅವರಿಗೆ ಅದರಿಂದಲೇ ಗೊತ್ತಾಗುತ್ತದೆ.