ಗುರಿ ಮುಟ್ಟದ ಕ್ರೌಡ್‌ಫಂಡಿಂಗ್: ಮತ್ತೆ ಕೈಹಾಕುವ ಮೊದಲು ಏನು ನೋಡಬೇಕು?

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ, ಅಂದರೆ ಆ ಊರಿನದೇ ವಿಶಿಷ್ಟ ಉತ್ಪನ್ನ ಎಂಬ ಸರ್ಕಾರಿ ಗುರುತಿನ, ಮಾನ್ಯತೆ ಇದೆ. ಆ ಹೆಸರನ್ನು ನಂಬಿ ಊರಿನ ಯುವಕರ ತಂಡವೊಂದು ಹೊಸ ಕಾರ್ಯಾಗಾರಕ್ಕಾಗಿ, ಹಣ ಹಾಕಿದವರಿಗೆ ಗೊಂಬೆ ಕಳಿಸುವ ಮಾತು ಕೊಟ್ಟು, ಆನ್‌ಲೈನ್‌ನಲ್ಲಿ ಹಲವು ಜನರಿಂದ ಸ್ವಲ್ಪ ಸ್ವಲ್ಪವಾಗಿ, ಅಂದರೆ ಕ್ರೌಡ್‌ಫಂಡಿಂಗ್ ಮೂಲಕ, ಐದು ಲಕ್ಷ ಎತ್ತಲು ಹೊರಟಿತು ಎಂದುಕೊಳ್ಳಿ. ಗಡುವು ಮುಗಿದಾಗ ಕೂಡಿದ್ದು ಎಪ್ಪತ್ತು ಸಾವಿರ. ಕಿಕ್‌ಸ್ಟಾರ್ಟರ್‌ನಂಥ ವೇದಿಕೆಗಳಲ್ಲಿ ಗುರಿ ಮುಟ್ಟದಿದ್ದರೆ ಒಂದು ರೂಪಾಯಿಯೂ ಕೈಗೆ ಬರುವುದಿಲ್ಲ. ಆದರೆ ಮಾಹಿತಿ ಉಳಿದಿರುತ್ತದೆ, ಬೇಸರದಲ್ಲಿ ಅದನ್ನು ಅಳಿಸಬೇಡಿ.

ಮೊದಲ ಕೆಲಸ, ಹಣ ಹಾಕಿದವರ ಪಟ್ಟಿ ಇಳಿಸಿಕೊಂಡು ಬೀಗರು, ಗೆಳೆಯರು, ಅಪರಿಚಿತರು ಎಂದು ಬೇರೆ ಮಾಡುವುದು. ಎಪ್ಪತ್ತರಲ್ಲಿ ಅರವತ್ತು ಸಾವಿರ ನೆಂಟರದ್ದೇ ಆಗಿದ್ದರೆ ಅದು ಮುಯ್ಯಿ, ವ್ಯಾಪಾರವಲ್ಲ. ಉಳಿದ ಹತ್ತು ಸಾವಿರ ಹಾಕಿದ ಅಪರಿಚಿತರು ಯಾರು, ವಾಟ್ಸ್‌ಆ್ಯಪ್‌ನಿಂದ ಬಂದರೋ ಇನ್‌ಸ್ಟಾಗ್ರಾಂನಿಂದಲೋ ನೋಡಿ. ನಿಮ್ಮ ನಿಜವಾದ ಗಿರಾಕಿಗಳು ಅವರೇ.

ಮುಂದಿನದು, ಪುಟ ನೋಡಿದವರೆಷ್ಟು, ದುಡ್ಡು ಹಾಕಿದವರೆಷ್ಟು? ನೋಡಿದವರೇ ಕಡಿಮೆ ಇದ್ದರೆ ಸುದ್ದಿ ಮುಟ್ಟಿಲ್ಲ. ಸಾವಿರಾರು ಜನ ನೋಡಿಯೂ ಹಾಗೇ ಹೋಗಿದ್ದರೆ ಬೆಲೆಯಲ್ಲೋ ಫೋಟೊದಲ್ಲೋ ನಂಬಿಕೆಯಲ್ಲೋ ತೊಡಕಿದೆ. ಅದನ್ನು ಕೂತಲ್ಲೇ ಊಹಿಸುವ ಬದಲು ಫೋನ್ ಮಾಡಿ. ‘ಭಾಳ ಚಲೋ ಐತ್ರಿ, ನಾನೂ ಹಾಕ್ತೀನಿ’ ಎಂದು ಹೇಳಿ ಹಾಕದವರೇ ಇಲ್ಲಿ ಒಳ್ಳೆಯ ಗುರುಗಳು. ‘ಯಾಕೆ ಹಾಕಲಿಲ್ಲ’ ಎಂದರೆ ಸಂಕೋಚಪಟ್ಟು ಏನೋ ನೆವ ಹೇಳುತ್ತಾರೆ. ‘ಕಳೆದ ಸಲ ಗೊಂಬೆ ಕೊಂಡಿದ್ದು ಯಾವಾಗ, ಎಷ್ಟಕ್ಕೆ, ಯಾರಿಗೆ ಕೊಡಲು?’ ಎಂದು ಕೇಳಿ. ಮೊಮ್ಮಗುವಿನ ಕೈಗೆ ಕೊಡಲು ಕೊಳ್ಳುವವರಿಗೂ ಷೋಕೇಸಿಗೆ ಕೊಳ್ಳುವವರಿಗೂ ಒಂದೇ ಪುಟ ತೋರಿಸಿದ್ದೇ ತಪ್ಪಾಗಿರಬಹುದು.

ಬೆಲೆಯ ಲೆಕ್ಕಕ್ಕೆ ಹೆಚ್ಚು ಹೊತ್ತು ಕೊಡಿ. ಉದಾಹರಣೆಗೆ, ಗರುಡನ ಗೊಂಬೆಗೆ 600 ರೂಪಾಯಿ ಇಟ್ಟಿದ್ದೀರಿ. ವೇದಿಕೆಯ ಶುಲ್ಕ, ಪಾವತಿ ಶುಲ್ಕ ಸೇರಿ ಶೇ 8 ಎಂದರೆ 48 ರೂಪಾಯಿ ಹೋಯಿತು. ಡಬ್ಬಿ, ಕೊರಿಯರ್‌ಗೆ 120. ಉಳಿದದ್ದು 432. ಮರ ಕೆತ್ತಿ, ಹುಣಸೆಬೀಜದ ಅಂಟು ಸೇರಿಸಿದ ಲೇಪ ಹಚ್ಚಿ, ಒಣಗಿಸಿ, ಬಣ್ಣ ಬರೆಯುವವರ ಕೂಲಿ ಇದರಲ್ಲೇ ಬರಬೇಕು. ದಾರಿಯಲ್ಲಿ ಚಾಚಿದ ರೆಕ್ಕೆಯ ತುದಿ ಮುರಿದರೆ ಇನ್ನೊಂದು ಕಳಿಸಬೇಕು, ಅದಕ್ಕೂ ದುಡ್ಡು ತೆಗೆದಿಡಿ. ಮಳೆಗಾಲದಲ್ಲಿ ಲೇಪ ಒಣಗಲು ತಡವಾಗುತ್ತದೆ, ಕಳಿಸುವ ದಿನಾಂಕ ಹೇಳುವಾಗ ಅದೂ ಲೆಕ್ಕಕ್ಕಿರಲಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ ಕೂಲೆಸ್ಟ್ ಎಂಬ ಪಿಕ್‌ನಿಕ್ ಐಸ್‌ಪೆಟ್ಟಿಗೆಗೆ 2013ರ ಚಳಿಗಾಲದ ಹೊತ್ತಿಗೆ ಕಿಕ್‌ಸ್ಟಾರ್ಟರ್‌ನಲ್ಲಿ 1.25 ಲಕ್ಷ ಡಾಲರ್ ಕೇಳಿದರು, ಕೂಡಲಿಲ್ಲ. ಚಳಿಯಲ್ಲಿ ಐಸ್ ಪೆಟ್ಟಿಗೆ ಯಾರಿಗೆ ಬೇಕು! ಪೆಟ್ಟಿಗೆಯನ್ನು ತಿದ್ದಿ, ಗುರಿಯನ್ನು 50 ಸಾವಿರಕ್ಕಿಳಿಸಿ 2014ರ ಬೇಸಿಗೆಯಲ್ಲಿ ಮತ್ತೆ ಬಂದಾಗ 62 ಸಾವಿರಕ್ಕೂ ಹೆಚ್ಚು ಜನರಿಂದ 1.3 ಕೋಟಿ ಡಾಲರ್ ಹರಿದುಬಂತು. ಕಾಲದ ಪಾಠವನ್ನು ಅವರು ಕಲಿತಿದ್ದರು, ಖರ್ಚಿನದ್ದು ಕಲಿತಿರಲಿಲ್ಲ. ತೆಗೆದುಕೊಂಡ ಬೆಲೆಗೆ ಎಲ್ಲರಿಗೂ ಮಾಡಿ ಕಳಿಸಲಾಗದೆ 2019ರಲ್ಲಿ ಕಂಪನಿ ಬಾಗಿಲು ಹಾಕಿದಾಗ ಸುಮಾರು 20 ಸಾವಿರ ಜನರಿಗೆ ಪೆಟ್ಟಿಗೆ ಸಿಕ್ಕಿರಲಿಲ್ಲ. ನನ್ನ ಕೇಳಿದರೆ ಮೊದಲ ಸೋಲೇ ಅಗ್ಗವಾಗಿತ್ತು.

ಗೊಂಬೆಗೂ ಕಾಲವಿದೆ. ಹಳೆ ಮೈಸೂರು ಭಾಗದಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ. ಹಬ್ಬ ಮುಗಿದ ಮೇಲೆ ಕೇಳಿದರೆ ಏನು ಬಂದೀತು? ಮೂರ್ನಾಲ್ಕು ತಿಂಗಳ ಮೊದಲೇ ಶುರುಮಾಡಿ. ಈ ಸಲ ಐದು ಲಕ್ಷದ ಕಾರ್ಯಾಗಾರ ಬೇಡ, ನೂರು ಗೊಂಬೆಗಳ ಮುಂಗಡ ಆರ್ಡರ್ ಸಾಕು. ಷೇರು ಕೊಡುತ್ತೇವೆಂದು ಆನ್‌ಲೈನ್‌ನಲ್ಲಿ ಕಂಡಕಂಡವರಿಂದ ಹಣ ಎತ್ತುವ ಯೋಚನೆಯಂತೂ ಬೇಡವೇ ಬೇಡ, ಅದು ಕಾನೂನಿನ ತೊಡಕು.

ಹೊಸ ಪುಟ ತೆರೆಯುವ ಮುನ್ನ ಹಳೆ ಪಟ್ಟಿಯ ಅಪರಿಚಿತರಿಗೆ ಒಂದು ಸಂದೇಶ ಕಳಿಸಿ: ಏನು ಬದಲಾಗಿದೆ, ಬೆಲೆ ಯಾಕೆ ಏರಿದೆ, ಯಾವ ದಿನ ಗೊಂಬೆ ಮನೆಗೆ ಬರುತ್ತದೆ. ಅವರಲ್ಲಿ ಅರ್ಧದಷ್ಟು ಜನರೂ ಉತ್ತರಿಸದಿದ್ದರೆ ಪುಟವನ್ನು ಇನ್ನೂ ತೆರೆಯಬೇಡಿ.