ಲೈನ್ ನಿಲ್ಲುವ ಮೊದಲೇ ಅರ್ಧ ಕೆಲಸ ಮುಗಿದಿರಲಿ

ಬೆಳಿಗ್ಗೆ ಅರ್ಧ ಲೀಟರ್ ಬಾಟಲಿ ತುಂಬಿದ ಲೈನಿನಲ್ಲೇ ಮಧ್ಯಾಹ್ನ ಒಂದು ಲೀಟರ್ ಬಾಟಲಿ ತುಂಬಬೇಕು. ಇವತ್ತು ಕಾರಿನ ಬಾಗಿಲು ಒತ್ತಿದ ಪ್ರೆಸ್ಸಿನಲ್ಲೇ ನಾಳೆ ಬಾನೆಟ್ ಒತ್ತಬೇಕು. ಕಾರ್ಖಾನೆಯಲ್ಲಿ ಇದಕ್ಕೆ ‘ಸೆಟ್ಟಿಂಗ್ ಚೇಂಜ್’ ಅನ್ನುತ್ತಾರೆ. ಇದಕ್ಕೆ ಮೂರು ಗಂಟೆ ಹಿಡಿದರೆ ಮೂರು ಗಂಟೆ ಲೈನ್ ಸುಮ್ನೆ ನಿಂತಿರುತ್ತದೆ. ನಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಪದೇ ಪದೇ ಬದಲಾಯಿಸುವುದು ತಲೆನೋವು ಅಂತ ಒಂದೇ ಮಾಲನ್ನು ಬೇಕಿದ್ದಕ್ಕಿಂತ ಜಾಸ್ತಿ ಮಾಡಿ ಗೋದಾಮಿನಲ್ಲಿ ಪೇರಿಸುತ್ತಾರೆ.

ಹಾಗಾದರೆ ಆ ಮೂರು ಗಂಟೆ ಹೋಗುವುದೆಲ್ಲಿ? ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1950ರಲ್ಲಿ ಹಿರೋಷಿಮಾದ ಒಂದು ಕಾರ್ಖಾನೆಯಲ್ಲಿ 800 ಟನ್ ಪ್ರೆಸ್ಸಿನ ಡೈ (ಮಾಲಿಗೆ ಆಕಾರ ಕೊಡುವ ಅಚ್ಚು) ಬದಲಿಸುವುದನ್ನು ನೋಡುತ್ತಾ ನಿಂತಿದ್ದರು. ಹೊಸ ಡೈ ಕೂರಿಸಲು ಒಂದು ಬೋಲ್ಟ್ ಸಿಗಲಿಲ್ಲ. ಅದನ್ನು ಹುಡುಕಲು ಹೋದ ಕೆಲಸಗಾರ ಬಂದದ್ದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ. ಬೇರೆ ಯಂತ್ರದ ಉದ್ದನೆಯ ಬೋಲ್ಟ್ ತಂದು, ಕತ್ತರಿಸಿ, ತಿರುಪಿನ ಮರೆ (ಥ್ರೆಡ್) ಹಾಕಿಸಿಕೊಂಡು ಬಂದಿದ್ದ. ಅಷ್ಟು ಹೊತ್ತೂ ಪ್ರೆಸ್ ನಿಂತೇ ಇತ್ತು. ಕೈ ನಿಧಾನವಾಗಿದ್ದರಿಂದಲ್ಲ, ತಯಾರಿ ಇಲ್ಲದ್ದರಿಂದ ಹೋದ ಹೊತ್ತು ಅದು.

ಆದ್ದರಿಂದ ಮೊದಲು ಅಳೆಯಿರಿ. ಹಳೆಯ ಮಾಲಿನ ಕೊನೆಯ ಒಳ್ಳೆಯ ಪೀಸ್ ಬಂದ ಕ್ಷಣದಿಂದ ಹೊಸ ಮಾಲಿನ ಮೊದಲ ಒಳ್ಳೆಯ ಪೀಸ್ ಬರುವ ತನಕ ಲೆಕ್ಕ ಹಾಕಿ. ಯಂತ್ರ ಮತ್ತೆ ಓಡಿದ ತಕ್ಷಣ ಗಡಿಯಾರ ನಿಲ್ಲಿಸಬೇಡಿ. ಅದು ಮಾಡುವುದೆಲ್ಲ ಸ್ಕ್ರ್ಯಾಪ್ ಆಗುತ್ತಿದ್ದರೆ ಬದಲಾವಣೆ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ. ಪೂರ್ತಿ ಕೆಲಸದ ವಿಡಿಯೊ ಮಾಡಿ, ಅದನ್ನು ಆಪರೇಟರ್, ಫಿಟ್ಟರ್ ಜೊತೆ ಕೂತು ನೋಡಿ. ತಪ್ಪು ಹಿಡಿಯಲು ಅಲ್ಲ ಅನ್ನುವುದನ್ನು ಮೊದಲೇ ಹೇಳಿ. ಎಲ್ಲಿ ತೊಡಕಾಗುತ್ತದೆ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಆಮೇಲೆ ಒಂದೊಂದು ಕೆಲಸವನ್ನೂ ಬರೆದುಕೊಂಡು ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಯಂತ್ರ ನಿಲ್ಲಲೇಬೇಕಾ? ಡೈ ಕಳಚಲು ನಿಲ್ಲಬೇಕು, ನಿಜ. ಹೊಸ ಡೈ ತರಲು, ಸ್ಪ್ಯಾನರ್ ಜೋಡಿಸಿಡಲು, ಕ್ರೇನ್ ಕರೆಸಲು ನಿಲ್ಲಬೇಕಾಗಿಲ್ಲ ಅಲ್ವಾ? ಅವೆಲ್ಲ ಲೈನ್ ಓಡುತ್ತಿರುವಾಗಲೇ ಆಗಲಿ. ಒಂದು ಟ್ರಾಲಿಯಲ್ಲಿ ಆ ಬದಲಾವಣೆಗೆ ಬೇಕಾದ ಬೋಲ್ಟು, ವಾಷರು, ಅಳತೆ ನೋಡುವ ಗೇಜು ಎಲ್ಲವೂ ಇರಲಿ. ಒಂದೊಂದಕ್ಕೂ ಅದರದೇ ಜಾಗ ಇದ್ದರೆ ಏನು ಇಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಮೋಲ್ಡ್ ಆದರೆ ಮೊದಲೇ ಬಿಸಿ ಮಾಡಿಟ್ಟುಕೊಳ್ಳಬಹುದು. ಇಷ್ಟರಿಂದಲೇ ದೊಡ್ಡ ಪಾಲು ಸಮಯ ಉಳಿಯುತ್ತದೆ, ಅದೂ ಹೆಚ್ಚೇನೂ ಖರ್ಚಿಲ್ಲದೆ. ಹೊಸ ಯಂತ್ರ ಕೊಳ್ಳುವ ಮಾತು ಬಂದರೆ, ಮೊದಲು ಇದನ್ನು ಮಾಡಿ ನೋಡಿ ಅಂತಲೇ ನಾನು ಹೇಳುತ್ತೇನೆ.

ಈಗ ಯಂತ್ರ ನಿಂತಾಗಲೇ ಆಗಬೇಕಾದ ಕೆಲಸ. ಒಂದು ಬೋಲ್ಟನ್ನೇ ಹತ್ತಿರದಿಂದ ನೋಡಿ. ಹದಿನೈದು ಸುತ್ತು ತಿರುಗಿಸುತ್ತೇವೆ. ಬಿಗಿಯಾಗುವುದು ಮಾತ್ರ ಕೊನೆಯ ಸುತ್ತಿನಲ್ಲಿ. ಉಳಿದ ಹದಿನಾಲ್ಕು ಸುತ್ತು ಬರೀ ದಾರಿ ಸವೆಸುವ ಕೆಲಸ. ಡೈನ ತೂತನ್ನು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಮಾಡಿದರೆ ಬೋಲ್ಟಿನ ತಲೆ ಅಗಲದ ಕಡೆಯಿಂದ ದಾಟುತ್ತದೆ. ಡೈಯನ್ನು ಕಿರಿದಾದ ಕಡೆಗೆ ಸರಿಸಿ ಒಂದು ಸುತ್ತು ತಿರುಗಿಸಿದರೆ ಸಾಕು, ಬಿಗಿಯಾಗುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಬೇಕಾಗಿಯೇ ಇಲ್ಲ, ಹಾಗಾಗಿ ಕಳೆಯುವ ಭಯವೂ ಇಲ್ಲ. ಆದರೆ ತೂತಿನ ಆಕಾರವನ್ನು ಎಂಜಿನಿಯರನ್ನು ಕೇಳದೆ ಬದಲಿಸಬೇಡಿ. ಅದು ಎಷ್ಟು ಭಾರ ತಡೆಯುತ್ತದೆ ಅನ್ನುವ ಲೆಕ್ಕ ಆಗಬೇಕು.

ಕೂರಿಸಿದ ಮೇಲೆ ‘ಸ್ವಲ್ಪ ಆ ಕಡೆ, ಇನ್ನೂ ಸ್ವಲ್ಪ’ ಅನ್ನುತ್ತಾ ಹೊಂದಿಸುವುದರಲ್ಲೂ ಬಹಳ ಹೊತ್ತು ಹೋಗುತ್ತದೆ. ಕಣ್ಣಂದಾಜು ಬಿಡಿ. ಸ್ಟಾಪರ್, ಪಿನ್, ಗುರುತು ಹಾಕಿದ ಸ್ಕೇಲ್ ಬಳಸಿ. ಹಿಂದಿನ ಸಲ ಸರಿಯಾಗಿ ಬಂದ ಅಳತೆಯನ್ನು ಬರೆದಿಟ್ಟು, ನೇರವಾಗಿ ಅಲ್ಲಿಗೇ ತನ್ನಿ.

ಅವಸರ ಮಾಡಬಾರದ ಜಾಗಗಳೂ ಇವೆ. ಯಂತ್ರದೊಳಗೆ ಕೈ ಹಾಕುವ ಮೊದಲು ಕರೆಂಟು, ಗಾಳಿ, ಹೈಡ್ರಾಲಿಕ್ ಒತ್ತಡ ಎಲ್ಲವನ್ನೂ ಕಡಿದು ಬೀಗ ಹಾಕಿ. ಬೀಗದ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಲಿ. ನಿಮಿಷ ಉಳಿಸಲು ಇದನ್ನು ಯಾವತ್ತೂ ಬಿಡಬೇಡಿ.

ಔಷಧಿ, ತಿಂಡಿಯ ಲೈನಾದರೆ ತೊಳೆಯುವುದೇ ಮುಖ್ಯ ಕೆಲಸ. ಕಡಲೆಕಾಯಿ ಇರುವ ಬಿಸ್ಕತ್ತಿನ ನಂತರ ಕಡಲೆಕಾಯಿ ಇಲ್ಲದ್ದನ್ನು ಮಾಡುವಾಗ ಒಂದಿಷ್ಟು ಪುಡಿ ಉಳಿದರೂ ಅಲರ್ಜಿ ಇರುವವರ ಜೀವಕ್ಕೇ ಅಪಾಯ. ಸಾಧ್ಯವಾದರೆ ಕಡಲೆಕಾಯಿ ಇಲ್ಲದ್ದನ್ನೇ ಮೊದಲು ಮಾಡಿ. ಬಣ್ಣದ ಲೈನಿನಲ್ಲೂ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ ಅನ್ನುವುದು ಇದೇ ಲೆಕ್ಕದಿಂದ. ಹಳೆಯ ಲೇಬಲ್, ಡಬ್ಬಿ ಒಂದೂ ಉಳಿದಿಲ್ಲ ಅಂತ ಇಬ್ಬರು ನೋಡಿ ಸಹಿ ಹಾಕಲಿ.

ಕೊನೆಗೆ ಮೊದಲ ಪೀಸನ್ನು ಅಳೆದು, ಗುಣಮಟ್ಟದವರು ಒಪ್ಪಿದ ಮೇಲೆಯೇ ಲೈನ್ ಓಡಲಿ.

1969ರಲ್ಲಿ ಟೊಯೊಟಾದ 1000 ಟನ್ ಪ್ರೆಸ್ಸಿನ ಡೈ ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಶಿಂಗೊ ಅವರೂ ಅಲ್ಲಿನ ಕೆಲಸಗಾರರೂ ಸೇರಿ ಅದನ್ನು ಮೊದಲು ಒಂದೂವರೆ ಗಂಟೆಗೆ ಇಳಿಸಿದರು, ಆಮೇಲೆ ಮೂರು ನಿಮಿಷಕ್ಕೆ. ನಿಮ್ಮದು ಮೊದಲ ಸಲಕ್ಕೇ ಅಷ್ಟು ಇಳಿಯಬೇಕಾಗಿಲ್ಲ. ಲೈನ್ ಓಡತೊಡಗಿದ ಮೇಲೆ ಕಳಚಿದ ಡೈಯನ್ನು ಒರೆಸಿ, ಸವೆದದ್ದನ್ನು ಅವತ್ತೇ ರಿಪೇರಿಗೆ ಕೊಡಿ. ಟ್ರಾಲಿಯಲ್ಲಿ ಖಾಲಿಯಾದ ಜಾಗ ತುಂಬಿ. ಮುಂದಿನ ಬದಲಾವಣೆಯ ತಯಾರಿ ಅಲ್ಲಿಂದಲೇ ಶುರು.