ಶಿರಸಿ ಅಂಗಳದಿಂದ ಎಂ101 ಸೂಪರ್‌ನೋವಾ: ನನ್ನ ಅನುಭವ

ಬಾರ್ನ್‌ಡೋರ್ ಟ್ರ್ಯಾಕರಲ್ಲಿ (ಬಿಜಾಗರಿ ಹಾಕಿದ ಎರಡು ಹಲಗೆ, ಮೋಟರು ಬೋಲ್ಟ್ ತಿರುಗಿಸಿದ ಹಾಗೆ ಕ್ಯಾಮರಾ ನಕ್ಷತ್ರಗಳ ಜೊತೆ ಸಾಗುತ್ತೆ), ಅದೂ ಶಿರಸಿ ತೇವದಲ್ಲಿ, ಸೂಪರ್‌ನೋವಾ (ಸಿಡಿದ ನಕ್ಷತ್ರ) ಸಿಗೋದಾ ಅಂತ ನಕ್ಕವ್ರೇ ಈಗ ಫೋಟೋ ಕಳ್ಸು ಮಾರಾಯಾ ಅಂತಿದಾರೆ. 2023ರ ಮೇ 19ಕ್ಕೆ ಜಪಾನಿನ ಹವ್ಯಾಸಿ ಖಗೋಳ ವೀಕ್ಷಕ ಇಟಗಾಕಿ ಕಂಡುಹಿಡಿದ್ರಲ್ಲ, ಎಸ್‌ಎನ್ 2023ಐಎಕ್ಸ್‌ಎಫ್, ಅದೇ. ಅವತ್ತು ಅಮಾವಾಸ್ಯೆ ಬೇರೆ, ರಾತ್ರಿ ಹತ್ತೂವರೆ ಹೊತ್ತಿಗೆ ಅದು ಸಿಡಿದ ಗ್ಯಾಲಕ್ಸಿ ಎಂ101 ಉತ್ತರಕ್ಕೆ 50 ಡಿಗ್ರಿ ಎತ್ತರದಲ್ಲಿ. 2011ರಲ್ಲಿ ಇದೇ ಗ್ಯಾಲಕ್ಸಿಲಿ ಸಿಡಿದಿದ್ದು ಇದಕ್ಕಿಂತ ಜೋರಾಗಿತ್ತು, ಆದ್ರೆ ಆಗಸ್ಟ್-ಸೆಪ್ಟೆಂಬರಲ್ಲಿ ನಮ್ಮಲ್ಲಿ ಆಕಾಶ ಅಂತ ಒಂದು ಇರುತ್ತಾ?

ರೆಡಿಮೇಡ್ ಟ್ರ್ಯಾಕರಿಗೆ ಆಗ 30 ಸಾವಿರದ ಮೇಲಿತ್ತು. ನಂದು ನಿಮಿಷಕ್ಕೊಂದು ಸುತ್ತು ತಿರುಗೋ 1 ಆರ್‌ಪಿಎಂ ಮೋಟರಿಗೆ 400 ಚಿಲ್ಲರೆ, ಎಂ6 ಬೋಲ್ಟು ಬಿಜಾಗರಿ ಎಲ್ಲ ಸೇರಿ 100ರೊಳಗೆ, ಹಲಗೆ ನಕ್ಷತ್ರಗಳ ವೇಗಕ್ಕೇ ಏಳ್ಲಿ ಅಂತ ಬಿಜಾಗರಿಯಿಂದ ಬೋಲ್ಟಿಗೆ 228 ಮಿಮೀ ಚೂರು ಮೇಲೆ. ಮೊದಲು ಪ್ಲೈವುಡ್ಡಲ್ಲಿ ಮಾಡಿದ್ದೆ, ಒಂದು ಮಳೆಗಾಲಕ್ಕೆ ಉಬ್ಬಿ ಬಿಜಾಗರಿ ಅಲ್ಲಾಡೋಕೆ ಶುರು, ನಕ್ಷತ್ರ ಎಲ್ಲ ಗೆರೆ ಗೆರೆ. ಬಾಗಿಲು ಮಾಡ್ಸಿ ಉಳಿದಿದ್ದ ಹಲಸಿನ ಹಲಗೆ ಹಾಕಿದ್ಮೇಲೆ ತಣ್ಣಗಾಯ್ತು.

ದೊಡ್ಡ ತಲೆನೋವು ಧ್ರುವ ನಕ್ಷತ್ರ, ಬಿಜಾಗರಿ ಅದರ ಕಡೆಗೇ ನೆಟ್ಟಿರ್ಬೇಕು. ನಮ್ಮಲ್ಲಿ ಅದಿರೋದೇ 14-15 ಡಿಗ್ರಿ ಎತ್ತರದಲ್ಲಿ, ಅಡಿಕೆ ಮರದ ಹಿಂದೆ. ಬಯಲು ಸಿಗುತ್ತೆ ಅಂತ ಕಾರವಾರ ಬೀಚಿಗೂ ಒಯ್ದು ನೋಡ್ದೆ, ಲೈಟು, ಗಾಳಿ, ಲೆನ್ಸ್ ಮೇಲೆ ಉಪ್ಪಿನ ಪೊರೆ, ಪೆಟ್ರೋಲಿಗೆ ಸಾವಿರ ದಂಡ. ಕೊನೆಗೆ ಧ್ರುವ ಕಾಣದೇನೇ ಅಲೈನ್ ಮಾಡೋ ಉಪಾಯ ಕೂತ್ಕೊಂತು, ಅದನ್ನ ಇಲ್ಲಿ ಬರಿಯಲ್ಲ, ಮನೆಗೆ ಬಂದವ್ರಿಗೆ ತೋರಿಸ್ತೇನೆ.

ಲೆನ್ಸ್ ಮೇಲೆ ಕೂರೋ ಇಬ್ಬನಿಗೆ ಏನು ಮಾಡ್ದೆ ಅಂತ ಮಾತ್ರ ಹೇಳಿಬಿಡ್ತೇನೆ. ತೋಟಕ್ಕೆ ಔಷಧಿ ಹೊಡೆಯೋ ಪಂಪಿನ 12 ವೋಲ್ಟ್ ಬ್ಯಾಟರಿ, ಲೆನ್ಸ್ ಸುತ್ತ ಕರೆಂಟ್ ಹರಿದ್ರೆ ಬೆಚ್ಚಗಾಗೋ ರೆಸಿಸ್ಟರ್ ಸಾಲು, ಮೇಲೆ ಹಳೇ ಸಾಕ್ಸು. ಬೆಚ್ಚಗಾದ್ರೆ ಸಾಕು, ಬಿಸಿ ಮಾಡೋಕೆ ಹೋದ್ರೆ ಫೋಕಸ್ ಹೋಗುತ್ತೆ.

ಸೆಕೆಂಡ್‌ಹ್ಯಾಂಡ್ 200 ಎಂಎಂ ಲೆನ್ಸು, 30 ಸೆಕೆಂಡಿನ ಐವತ್ತರವತ್ತು ಫ್ರೇಮ್ ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್. ಗ್ಯಾಲಕ್ಸಿ ಬರೀ ಮಸುಕು, ಆದ್ರೆ ಅಂಚಲ್ಲಿ ಎನ್‌ಜಿಸಿ 5461 (ಆ ಗ್ಯಾಲಕ್ಸಿಯೊಳಗಿನ ಹೊಳೆಯೋ ಅನಿಲ ಮೋಡ) ಪಕ್ಕ ಚುಕ್ಕೆ ಚೊಕ್ಕ ಬಂತು. 2 ಕೋಟಿ ಜ್ಯೋತಿರ್ವರ್ಷದಾಚೆದು ಸ್ವಾಮಿ, ಹಲಸಿನ ಹಲಗೆ ಮೇಲೆ! ಹಾಟ್ ಪಿಕ್ಸೆಲ್ (ಕ್ಯಾಮರಾನೇ ಹುಟ್ಟಿಸೋ ಸುಳ್ಳು ಚುಕ್ಕೆ) ಇರ್ಬೇಕು ಅಂದ್ರು ಒಬ್ರು. ಕ್ಯಾಮರಾ ತಿರುಗಿಸಿ ಮತ್ತೆ ತೆಗೆದೆ, ಚುಕ್ಕೆ ಗ್ಯಾಲಕ್ಸಿ ಜೊತೆಗೇ ತಿರುಗ್ತು, ಏಪ್ರಿಲ್‌ನ ನನ್ನ ಫ್ರೇಮಲ್ಲಿ ಆ ಜಾಗ ಖಾಲಿ. ಆಮೇಲೆ ಸುಮ್ನಾದ್ರು.

ಅಕ್ಕಪಕ್ಕದ ನಕ್ಷತ್ರಕ್ಕೆ ಹೋಲಿಸಿ ಪ್ರಕಾಶನೂ ಅಳೆದೆ, ಮೊದಲ ವಾರ ಕಾಂತಿಮಾನ (ಅಂಕಿ ಹೆಚ್ಚಾದಷ್ಟೂ ಮಸುಕು) 11ರ ಆಸುಪಾಸು. ಜೂನ್ 4ರ ಹುಣ್ಣಿಮೆ ಲೆಕ್ಕ ಕೆಡಿಸ್ತು, ಹಿಂದೇನೇ ಮಳೆ ಮೋಡ, ಬ್ಯಾಟರಿ ವಾಪಸ್ ಪಂಪಿಗೆ.